ಆಟಕ್ಕೊಂದು ಋತು, ಕೂಟಕ್ಕೊಂದು ಋತು

ಕರಾವಳಿಯ ನದಿಗಳು ಕಡಲನ್ನು ಸೇರುವ ಮುನ್ನ ಇಬ್ಭಾಗವಾಗಿ ಹರಿದು ನಡುವೆ ಉಳಿಸಿಕೊಟ್ಟ ನೆಲಕ್ಕೆ ಉಡುಪಿ, ಕುಂದಾಪುರಗಳ ಕಡೆಯ ಜನರು ‘ಕುದ್ರು’ ಎನ್ನುತ್ತಾರೆ. ಕೃಷ್ಣಾ ತೀರದವರು ಅದನ್ನೇ ‘ಗಡ್ಡಿ’ ಎನ್ನುವರು. ಗ್ರಂಥಸ್ಥ ಕನ್ನಡದಲ್ಲಿ ಅದು ನಡುಗಡ್ಡೆ. ಸುತ್ತಲೂ ನೀರು, ನಡುವೆ ಕೆಲವೇ ಮನೆಗಳು. ಇಂತಹ ನೆಲೆಯಲ್ಲಿ ಭಜನೆಗೆ ತಾಳ ಹಿಡಿಯುವಾತನೇ ದೋಣಿಗೆ ಹುಟ್ಟು ಹಾಕಬೇಕಾಗುವುದೂ, ಹಬ್ಬಕ್ಕೆ ಚಪ್ಪರ ಕಟ್ಟುವಾತನೇ ಮರುದಿನ ಗದ್ದೆಗಿಳಿಯಬೇಕಾಗುವುದೂ ಸಹಜ. ಜನರು ಕೆಲವರಾದರೂ ಬದುಕಿಗೆ ಬೇಕಾದುದೆಲ್ಲವೂ ಅಲ್ಲಿಯೇ ನಡೆಯಬೇಕಷ್ಟೆ.

ರಾಜಧಾನಿಯ ಕನ್ನಡಿಗರ ಬದುಕೂ ಒಂದು ಬಗೆಯ ಕುದ್ರುವಿನ ಬದುಕೇ ಆಗಿದೆ. 2011ರ ಜನಗಣತಿಯಂತೆ ದೆಹಲಿಯ ಜನಸಂಖ್ಯೆ ಸುಮಾರು 1 ಕೋಟಿ 68 ಲಕ್ಷ. ಗುರುಗ್ರಾಮ, ನೋಯ್ಡಾ, ಫರೀದಾಬಾದ್, ಗಾಜಿಯಾಬಾದ್‌ಗಳನ್ನು ಸೇರಿಸಿಕೊಂಡರೆ ಈ ಸಂಖ್ಯೆ ಇನ್ನೂ ಬಹಳ ಹೆಚ್ಚುತ್ತದೆ. ಹಿಂದಿ, ಪಂಜಾಬಿ, ಹರಿಯಾಣ್ವಿ ಮಾತುಗಳ ಈ ಮಹಾಪ್ರವಾಹದ ನಡುವೆ ಸರ್ಕಾರಿ ಕಚೇರಿ, ಬ್ಯಾಂಕು, ಸೈನ್ಯ, ವಿದ್ಯಾಲಯ, ಖಾಸಗಿ ಕಂಪನಿಗಳ ಉದ್ಯೋಗನಿಮಿತ್ತ ಬಂದು ನೆಲೆಸಿದ ಕನ್ನಡಿಗರು ಅಲ್ಲೊಂದು ಇಲ್ಲೊಂದು ಮನೆಯಾಗಿ ಹರಡಿಕೊಂಡಿದ್ದಾರೆ. ಅವರಿಗೆ ಸಂಘವೇ ಅಂಗಳ; ಲೋದಿ ಎಸ್ಟೇಟಿನ ಕನ್ನಡ ಶಾಲೆ, ರಾಮಕೃಷ್ಣಪುರದ ಸಂಘದ ಕಟ್ಟಡಗಳೇ ಊರ ನಡುವಣ ಅರಳಿಕಟ್ಟೆ. ಇಂತಹ ಕಿರುಸಮಾಜದಲ್ಲಿ ಸಾಹಿತ್ಯ, ನಾಟಕ ಮುಂತಾದ ಸೃಜನಶೀಲ ಕಾರ್ಯ, ಸಂಗೀತ, ಹಾಗೂ ಬಯಲಿನಲ್ಲಿ ನಡೆದಾಡುವ ಹವ್ಯಾಸ, ಈ ಮೂರನ್ನೂ ಆರೋಗ್ಯ ಕೆಡದಂತೆ ಒಟ್ಟಿಗೆ ನಡೆಸಿಕೊಂಡು ಹೋಗುವುದು ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕೈ ಕೆಲವು, ಕೆಲಸ ಹಲವು

ದೊಡ್ಡ ಸಮಾಜದಲ್ಲಿ ಹಾಡುವವರು ಬೇರೆ, ನಟಿಸುವವರು ಬೇರೆ, ಸ್ಮರಣ ಸಂಚಿಕೆಗೆ ಜಾಹೀರಾತು ಸಂಗ್ರಹಿಸುವವರು ಬೇರೆ. ಕಿರುಸಮಾಜದಲ್ಲಿ ಹಾಗಲ್ಲ. ನಾಡಗೀತೆಯ ತಂಡದಲ್ಲಿ ನಿಂತ ಗೃಹಿಣಿಯೇ ಮಕ್ಕಳ ನೃತ್ಯದ ಉಡುಪು ಹೊಲಿಸಬೇಕು; ನಾಟಕದ ರಾಜನೇ ಸಭಾಂಗಣದ ಮುಂಗಡ ಕಟ್ಟಿ, ಧ್ವನಿವರ್ಧಕದವನಿಗೆ ಫೋನು ಮಾಡಿ, ಕೊನೆಯಲ್ಲಿ ಕುರ್ಚಿಗಳ ಲೆಕ್ಕ ಒಪ್ಪಿಸಬೇಕು. ಕಚೇರಿ ಬಿಟ್ಟು, ದ್ವಾರಕಾದಿಂದಲೋ ಮಯೂರ ವಿಹಾರದಿಂದಲೋ ಮೆಟ್ರೋ ಹಿಡಿದು ಬಂದು ಸೇರುವಷ್ಟರಲ್ಲಿ ಸಂಜೆ 7 ಗಂಟೆ. ತಾಲೀಮಿನ ನಡುವೆ ಸಮೋಸಾ, ಸಕ್ಕರೆ ತುಂಬಿದ ಚಹಾ. ಮನೆ ತಲುಪಿ ಊಟ ಮಾಡುವ ಹೊತ್ತಿಗೆ ರಾತ್ರಿ 11. ನವೆಂಬರ್ 1ರ ರಾಜ್ಯೋತ್ಸವ ಸಮೀಪಿಸಿದಂತೆ ಇದು ವಾರಕ್ಕೆ ನಾಲ್ಕೈದು ದಿನಗಳ ದಿನಚರಿಯಾಗುವುದುಂಟು.

ಇದರಲ್ಲಿ ಆನಂದವಿಲ್ಲವೆಂದಲ್ಲ. ಆನಂದವಿರುವುದರಿಂದಲೇ ಆಯಾಸ ಅರಿವಿಗೆ ಬಾರದು. ಆದರೆ ದೇಹ ತನ್ನ ಲೆಕ್ಕವನ್ನು ತಪ್ಪದೆ ಬರೆದಿಟ್ಟುಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ರಕ್ತದ ಒತ್ತಡ ಅಧಿಕವಾಗಿರುವುದೂ ಅದರಿಂದ ತಿಳಿದುಬಂದಿತು. ಕುಳಿತು ಮಾಡುವ ಉದ್ಯೋಗ, ತಡರಾತ್ರಿಯ ಊಟ, ಕಡಿಮೆ ನಿದ್ರೆ, ಇವು ಮೂರೂ ಇಂತಹ ಕಾಯಿಲೆಗಳಿಗೆ ಹಾದಿ ಸುಗಮಗೊಳಿಸುತ್ತವೆ. ಕುದ್ರುವಿನಲ್ಲಿ ಹುಟ್ಟು ಹಾಕಬಲ್ಲವನು ಒಬ್ಬನೇ ಇದ್ದು ಆತ ಹಾಸಿಗೆ ಹಿಡಿದರೆ ನಿಲ್ಲುವುದು ಆತನ ಸಂಸಾರವಷ್ಟೇ ಅಲ್ಲ, ದೋಣಿಯೂ ನಿಲ್ಲುತ್ತದೆ.

ಸಮಯದ ಆಯವ್ಯಯ

ವಾರವೊಂದರಲ್ಲಿರುವುದು 168 ಗಂಟೆಗಳು. ಈ ಠೇವಣಿಗೆ ಬಡ್ಡಿಯಿಲ್ಲ, ಮುಂದಿನ ವಾರಕ್ಕೆ ವರ್ಗಾವಣೆಯೂ ಇಲ್ಲ. ಉದ್ಯೋಗಸ್ಥ ಗೃಹಸ್ಥನೊಬ್ಬನಿಗೆ ಕಚೇರಿ ಮತ್ತು ಪ್ರಯಾಣಕ್ಕೆ 55 ಗಂಟೆ, ನಿದ್ರೆಗೆ 52, ಸ್ನಾನ, ಊಟ, ಮನೆಗೆಲಸಗಳಿಗೆ 35 ಗಂಟೆ ಹಿಡಿದರೆ ಒಟ್ಟು 142 ಆಯಿತು. ಉಳಿಯುವುದು 26 ಗಂಟೆ. ವಾರಕ್ಕೆರಡು ತಾಲೀಮುಗಳಿಗೆ 6 ಗಂಟೆ, ದಿನಕ್ಕೆ ಅರ್ಧ ಗಂಟೆಯಂತೆ ಸಂಗೀತ ಸಾಧನೆಗೆ ಮೂರೂವರೆ, ನಡಿಗೆಗೆ ಎರಡೂವರೆ, ಹೀಗೆ 12 ಗಂಟೆ ವೆಚ್ಚವಾದರೂ ಹೆಂಡತಿ ಮಕ್ಕಳೊಡನೆ ಮಾತಿಗೆ, ಓದಿಗೆ, ಬಂಧುಮಿತ್ರರಿಗೆ 14 ಗಂಟೆ ಉಳಿಯುತ್ತದೆ. ಇದು ಸಮತೋಲವಾದ ಆಯವ್ಯಯ.

ಉತ್ಸವದ ದಿನಗಳಲ್ಲಿ ತಾಲೀಮು 6ರಿಂದ 15 ಗಂಟೆಗೆ ಏರಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಮೊದಲು ಕಡಿತವಾಗುವುದು ನಡಿಗೆ; ಬಳಿಕ ನಿದ್ರೆ; ಕೊನೆಗೆ ಮನೆಯವರೊಡನೆ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಬಿರುಸಿನ ವ್ಯಾಯಾಮವೂ, ಎರಡು ದಿನ ಸ್ನಾಯುಗಳಿಗೆ ಬಲ ತರುವ ವ್ಯಾಯಾಮವೂ ಅವಶ್ಯಕ. 150 ನಿಮಿಷವೆಂದರೆ ಎರಡೂವರೆ ಗಂಟೆ. ವಾರದ 168 ಗಂಟೆಗಳಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ. ಇಷ್ಟು ಅಲ್ಪವಾದ ವೆಚ್ಚವೇ ಮೊದಲು ಕಡಿತಕ್ಕೆ ಗುರಿಯಾಗುವುದು ವಿಪರ್ಯಾಸವಲ್ಲವೇ?

ಹಾಗಾದರೆ ದಿನವೂ ಎಲ್ಲವನ್ನೂ ಅಳೆದು ತೂಗಿ ಮಾಡಬೇಕೇ? ಅದು ಕಾಗದದ ಮೇಲೆ ಸುಲಭ, ಆಚರಣೆಯಲ್ಲಿ ಕಷ್ಟ. ಇದಕ್ಕೆ ಬೇರೊಂದು ಪರಿಹಾರ ತಾಯ್ನಾಡಿನಲ್ಲಿಯೇ ಇದೆ.

ತಾಯ್ನಾಡಿನ ಪಾಠ

ಕರಾವಳಿಯ ಯಕ್ಷಗಾನವನ್ನೇ ನೋಡಬಹುದು. ಮಳೆ ನಿಂತು ಗದ್ದೆ ಒಣಗಿದ ಬಳಿಕ, ನವೆಂಬರ್ ಡಿಸೆಂಬರ್ ಸುಮಾರಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಊರೂರಿನ ಬಯಲಿನಲ್ಲಿ ಆಟ. ಮೇ ತಿಂಗಳ ಕೊನೆಯ ಭಾಗದಲ್ಲಿ, ತುಳುನಾಡಿನವರು ‘ಪತ್ತನಾಜೆ’ ಎಂದು ಕರೆಯುವ ದಿನದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಬೇಸಾಯದ ಕಾಲ. ಆದರೆ ಕಲೆ ಆಗಲೂ ನಿದ್ರಿಸುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಸೂರಿನ ಕೆಳಗೆ ಕುಳಿತು ಹಾಡು ಮತ್ತು ಮಾತಿನಿಂದಲೇ ಪ್ರಸಂಗವನ್ನು ನಡೆಸುವ ತಾಳಮದ್ದಳೆಗೆ ಅದೇ ಸುಗ್ಗಿ. ಬಯಲಿನದು ‘ಆಟ’, ಒಳಾಂಗಣದ್ದು ‘ಕೂಟ’. ಇತ್ತೀಚೆಗೆ ಸಭಾಂಗಣಗಳಲ್ಲಿ ಮಳೆಗಾಲದ ಆಟಗಳೂ ನಡೆಯುತ್ತಿರುವುದು ನಿಜ. ಆದರೆ ಮೂಲದ ವಿವೇಕ ಮರೆಯತಕ್ಕದ್ದಲ್ಲ. ಹಿರಿಯರು ಸಮತೋಲವನ್ನು ಒಂದು ದಿನದೊಳಗೆ ಹುಡುಕಲಿಲ್ಲ, ವರ್ಷದ ಉದ್ದಕ್ಕೆ ಹರಡಿದರು. ಕಲೆಯ ರೂಪವನ್ನೇ ಋತುವಿಗೆ ತಕ್ಕಂತೆ ಬದಲಿಸಿಕೊಂಡರು.

ಸಾಗರದ ಬಳಿಯ ಹೆಗ್ಗೋಡು ಮತ್ತೊಂದು ನಿದರ್ಶನ. ಅಡಿಕೆ ಬೆಳೆಗಾರರ ಆ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನೂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಸ್ವತಃ ಕೃಷಿಕರಾಗಿದ್ದ ಅವರು ತೋಟವನ್ನು ಬಿಟ್ಟು ರಂಗವನ್ನು ಹಿಡಿಯಲಿಲ್ಲ, ರಂಗವನ್ನು ಬಿಟ್ಟು ತೋಟಕ್ಕೆ ಹೋಗಲೂ ಇಲ್ಲ. ಕಿರುಸಮಾಜವೆಂಬುದು ಕೊರತೆಯೇ ಆಗಬೇಕಾಗಿಲ್ಲ ಎಂಬುದಕ್ಕೆ ಆ ಹಳ್ಳಿಯೇ ಸಾಕ್ಷಿ.

ವ್ಯಕ್ತಿಗಳಲ್ಲಿಯೂ ಉದಾಹರಣೆಗಳಿಗೆ ಬರವಿಲ್ಲ. ಡಾ. ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ ಸಾಹಿತ್ಯ, ದೇಶಸಂಚಾರ, ಪರಿಸರ ಹೋರಾಟಗಳಲ್ಲಿ ತೊಡಗಿಕೊಂಡೇ 1902ರಿಂದ 1997ರವರೆಗೆ 95 ವರ್ಷಗಳ ತುಂಬುಬಾಳನ್ನು ಬಾಳಿದರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಮೀನು ಹಿಡಿಯುವುದು, ಹಕ್ಕಿಗಳ ಛಾಯಾಚಿತ್ರ ತೆಗೆಯುವುದು, ಚಿತ್ರ ಬಿಡಿಸುವುದು ಇವೆಲ್ಲದರ ನಡುವೆಯೇ ‘ಕರ್ವಾಲೊ’, ‘ಪರಿಸರದ ಕತೆ’ಗಳನ್ನು ಬರೆದರು. ಅವರಿಗೆ ಬಯಲಿನ ಹವ್ಯಾಸವು ಬರವಣಿಗೆಯ ಸಮಯವನ್ನು ಕದಿಯುವ ಕಳ್ಳನಾಗಿರಲಿಲ್ಲ. ಬರವಣಿಗೆಗೆ ಬಂಡವಾಳ ಹೂಡುವ ಪಾಲುದಾರನಾಗಿತ್ತು.

ದೆಹಲಿಯ ಮಟ್ಟಿಗೆ ಬಿ.ವಿ. ಕಾರಂತರ ಹೆಸರು ಸ್ಮರಣೀಯ. ಬಂಟ್ವಾಳ ತಾಲ್ಲೂಕಿನ ಹಳ್ಳಿಯಿಂದ ಗುಬ್ಬಿ ಕಂಪನಿಗೆ, ಅಲ್ಲಿಂದ ಕಾಶಿಗೆ, ಕಾಶಿಯಿಂದ ರಾಜಧಾನಿಗೆ ಬಂದ ಅವರು ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು; 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. 1979ರಲ್ಲಿ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಹಿಂದಿಯಲ್ಲಿ ‘ಬರ್ನಮ್ ವನ’ ಎಂಬ ಹೆಸರಿನಿಂದ ಯಕ್ಷಗಾನದ ನಡೆಯನ್ನು ಬಳಸಿಕೊಂಡು ರಂಗಕ್ಕೆ ತಂದರು. ಕರಾವಳಿಯ ಬಯಲಿನ ಕಲೆ ಮಂಡಿ ಹೌಸಿನ ಪ್ರೇಕ್ಷಕರನ್ನು ಹೀಗೆ ತಲುಪಿತು. ಕುದ್ರುವಿನಿಂದ ಹೊರಟ ದೋಣಿ ಆಚೆಯ ದಡವನ್ನೂ ಮುಟ್ಟಬಲ್ಲುದು.

ದೆಹಲಿಯ ಋತುಚರ್ಯೆ

ತಾಯ್ನಾಡಿನ ಪಾಠವನ್ನು ಇಲ್ಲಿಗೆ ಅನ್ವಯಿಸುವಾಗ ಪಂಚಾಂಗವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕರಾವಳಿಯಲ್ಲಿ ಕೂಟದ ಕಾಲವನ್ನು ನಿರ್ಧರಿಸುವುದು ಮಳೆ. ದೆಹಲಿಯಲ್ಲಿ ನಿರ್ಧರಿಸುವುದು ಬಿಸಿಲು ಮತ್ತು ಹೊಗೆ. ಆಯುರ್ವೇದದ ಗ್ರಂಥಗಳು ಹೇಮಂತ, ಶಿಶಿರಗಳಲ್ಲಿ ದೇಹಬಲ ಹೆಚ್ಚಿರುವುದರಿಂದ ವ್ಯಾಯಾಮ ಹಿತವೆಂದೂ, ಗ್ರೀಷ್ಮದಲ್ಲಿ ವ್ಯಾಯಾಮವನ್ನೂ ಬಿಸಿಲನ್ನೂ ವರ್ಜಿಸಬೇಕೆಂದೂ ವಿಧಿಸುತ್ತವೆ. ಗ್ರೀಷ್ಮದ ಮಾತು ಇಂದಿಗೂ ಸತ್ಯ. ಹೇಮಂತದ ಮಾತಿಗೆ ಮಾತ್ರ ಇಂದಿನ ದೆಹಲಿಯಲ್ಲಿ ತಿದ್ದುಪಡಿ ಬೇಕು. ಆ ಗ್ರಂಥಕಾರರು ಕಂಡ ಹೇಮಂತದಲ್ಲಿ ಹಿಮವಿತ್ತು, ಈ ಪರಿಯ ಹೊಗೆಯಿರಲಿಲ್ಲ.

ಅಕ್ಟೋಬರ್ ಕೊನೆಯಿಂದ ಗಾಳಿಯ ವೇಗ ತಗ್ಗುತ್ತದೆ. ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು, ವಾಹನ, ಕಾರ್ಖಾನೆ, ಧೂಳು, ಕಸದ ಬೆಂಕಿ, ನೆರೆರಾಜ್ಯಗಳ ಭತ್ತದ ಕೂಳೆ ಸುಡುವಿಕೆ, ಇವುಗಳೆಲ್ಲದರ ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಎರಡೂವರೆ ಮೈಕ್ರಾನಿಗಿಂತ ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ಹಾನಿ ಮಾಡುತ್ತವೆ. ಇವು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಮ್ ಮೀರಬಾರದೆಂದು ಭಾರತದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾನದಂಡವಂತೂ 15 ಮಾತ್ರ. ಚಳಿಗಾಲದ ದೆಹಲಿ ಈ ಎರಡನ್ನೂ ಬಹುದೂರ ಮೀರುವುದು ಎಲ್ಲರೂ ಅನುಭವಿಸಿದ ಸಂಗತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುವ ವಾಯು ಗುಣಮಟ್ಟದ ಸೂಚ್ಯಂಕದಲ್ಲಿ 201ರಿಂದ 300 ‘ಕಳಪೆ’, 301ರಿಂದ 400 ‘ಅತಿ ಕಳಪೆ’, 400ರ ಮೇಲೆ ‘ತೀವ್ರ’. ‘ಸಮೀರ್’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಯಾರು ಬೇಕಾದರೂ ಇದನ್ನು ನೋಡಬಹುದು.

ಆದುದರಿಂದ ರಾಜಧಾನಿಯ ಕನ್ನಡಿಗರ ವರ್ಷಚರ್ಯೆ ಸ್ಥೂಲವಾಗಿ ಹೀಗಿರಬಹುದು. ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ‘ಆಟ’ದ ಕಾಲ. ಲೋದಿ ಉದ್ಯಾನ, ಸಂಜಯ ವನ, ವಸಂತ ವಿಹಾರದ ಅರಾವಳಿ ಜೀವವೈವಿಧ್ಯ ಉದ್ಯಾನ, ಯಮುನೆಯ ದಂಡೆಯ ಓಖ್ಲಾ ಪಕ್ಷಿಧಾಮಗಳಿಗೆ ಕುಟುಂಬಸಮೇತ ಹೋಗಿ ನಡೆದಾಡಲು ಇದಕ್ಕಿಂತ ಉತ್ತಮ ಸಮಯವಿಲ್ಲ. ಏಪ್ರಿಲ್ ನಡುವಿನಿಂದ ಜೂನ್‌ವರೆಗೆ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದುಂಟು; ‘ಲೂ’ ಎಂಬ ಬಿಸಿಗಾಳಿ ಬೀಸುತ್ತದೆ. ನಡಿಗೆ ಬೆಳಗಿನ 7 ಗಂಟೆಯೊಳಗೆ ಮುಗಿಯಬೇಕು. ಉಳಿದ ವೇಳೆ ನಾಟಕದ ಓದು, ಹಾಡಿನ ಆಯ್ಕೆ, ಸಂಚಿಕೆಯ ಬರವಣಿಗೆಗಳಂತಹ ‘ಕೂಟ’ಕ್ಕೆ ಮೀಸಲು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯನ್ನು ತೊಳೆಯುವುದರಿಂದ ಮಳೆಯಿಲ್ಲದ ದಿನಗಳಲ್ಲಿ ನಡಿಗೆಯೂ, ಉಳಿದಂತೆ ತಾಲೀಮೂ ಜೊತೆಜೊತೆಗೆ ಸಾಗಲಿ. ರಾಜ್ಯೋತ್ಸವದ ತಾಲೀಮು ಅಕ್ಟೋಬರಿನಲ್ಲಿ ಆರಂಭವಾಗುವ ಬದಲು ಜುಲೈನಲ್ಲಿಯೇ ಆರಂಭವಾದರೆ ವಾರಕ್ಕೆ 15 ಗಂಟೆಗಳ ಓವರ್‌ಡ್ರಾಫ್ಟಿನ ಅಗತ್ಯವೇ ಬೀಳದು. ಅಕ್ಟೋಬರಿನ ಮೊದಲ ವಾರಗಳು ಮತ್ತೊಂದು ಕಿರು ‘ಆಟ’ದ ಕಾಲ.

ನವೆಂಬರಿನಿಂದ ಜನವರಿಯವರೆಗೆ ಪುನಃ ಕೂಟ. ಈ ದಿನಗಳಲ್ಲಿ ನಸುಕಿನ ನಡಿಗೆಯನ್ನು ವ್ರತದಂತೆ ಪಾಲಿಸುವವರು ಅದನ್ನು ಕೊಂಚ ಸಡಿಲಿಸುವುದು ಒಳಿತು. ಸೂರ್ಯನ ಬಿಸಿಗೆ ನೆಲ ಕಾಯ್ದು ಗಾಳಿ ಮೇಲೇರುವ ಮಧ್ಯಾಹ್ನದ ವೇಳೆ ಸಾಮಾನ್ಯವಾಗಿ ಬೆಳಗಿಗಿಂತ ಮೇಲು. ಸೂಚ್ಯಂಕ 300 ದಾಟಿದ ದಿನ ಮನೆಯೊಳಗೇ ಸೂರ್ಯನಮಸ್ಕಾರ, ಆಸನಗಳು ಸಾಕು. ಹೊರಗೆ ಹೋಗಲೇಬೇಕಾದರೆ ಎನ್-95 ಮುಖಗವಸು ಧರಿಸಬೇಕು. ಆಸ್ತಮಾ, ಹೃದ್ರೋಗಗಳಿರುವವರು ವೈದ್ಯರ ಸಲಹೆಯನ್ನು ಮೀರತಕ್ಕದ್ದಲ್ಲ.

ಸಂಗೀತವೂ ಸ್ವಾಸ್ಥ್ಯವೂ

ಸಂಗೀತ ಕೂಟದ ಕಾಲದ ಉತ್ತಮ ಸಂಗಾತಿ. ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗವು 2019ರಲ್ಲಿ 900ಕ್ಕೂ ಹೆಚ್ಚು ಪ್ರಕಟಣೆಗಳನ್ನು ಪರಿಶೀಲಿಸಿದ ವರದಿಯೊಂದನ್ನು ಹೊರತಂದಿತು. ರೋಗಗಳನ್ನು ತಡೆಯುವಲ್ಲಿಯೂ ಚಿಕಿತ್ಸೆಗೆ ಪೂರಕವಾಗುವಲ್ಲಿಯೂ ಕಲೆಗಳ ಪಾತ್ರವನ್ನು ಅದು ಎತ್ತಿ ತೋರಿತು. ದೀರ್ಘವಾಗಿ ಉಸಿರು ಬಿಡುತ್ತಾ ಹಾಡುವಾಗ ಮನಸ್ಸು ಶಾಂತವಾಗುವುದು ಹಾಡುಗಾರರೆಲ್ಲರ ಅನುಭವ. ಅದಕ್ಕಿಂತ ಮಿಗಿಲಾದುದು ಸಹವಾಸದ ಲಾಭ. ಮಗನ ಮನೆಗೆ ಊರಿನಿಂದ ಬಂದು ಭಾಷೆಯರಿಯದೆ ನಾಲ್ಕು ಗೋಡೆಗಳ ನಡುವೆ ಉಳಿದ ತಂದೆತಾಯಿಗಳಿಗೆ ವಾರಕ್ಕೊಂದು ದೇವರನಾಮದ ಕೂಟ ಔಷಧಕ್ಕೆ ಕಡಿಮೆಯಲ್ಲ.

ಸಂಗೀತವನ್ನು ಬಯಲಿಗೆ ಒಯ್ಯಲೂ ಬಹುದು. 1977ರಲ್ಲಿ ದೆಹಲಿಯಲ್ಲಿಯೇ ಹುಟ್ಟಿದ ಸ್ಪಿಕ್ ಮೆಕೆ ಸಂಸ್ಥೆ ಚಾಣಕ್ಯಪುರಿಯ ನೆಹರೂ ಪಾರ್ಕಿನಲ್ಲಿ ಮರಗಳ ನಡುವೆ ಶಾಸ್ತ್ರೀಯ ಸಂಗೀತ ಕಚೇರಿಗಳನ್ನು ಏರ್ಪಡಿಸಿ ದಾರಿ ತೋರಿದೆ. ಫೆಬ್ರವರಿಯ ಭಾನುವಾರವೊಂದರ ಬೆಳಿಗ್ಗೆ ಹುಲ್ಲುಹಾಸಿನ ಮೇಲೆ ಭಾವಗೀತೆಗಳ ಗೋಷ್ಠಿಗೆ ಸಭಾಂಗಣದ ಬಾಡಿಗೆಯೂ ಬೇಡ, ಧ್ವನಿವರ್ಧಕವೂ ಬೇಡ. ಉಪಾಹಾರಕ್ಕೆ ಸಮೋಸಾದ ಬದಲು ಕೋಸಂಬರಿ, ಹಣ್ಣು, ಮಜ್ಜಿಗೆ ಇದ್ದರೆ ಕಾರ್ಯದರ್ಶಿಗೂ ಹಗುರ, ಹೊಟ್ಟೆಗೂ ಹಗುರ.

ಬಯಲೇ ಪಾಠಶಾಲೆ

ಈ ಸಮಾಜದ ಮಕ್ಕಳ ವಿಷಯ ಇನ್ನೂ ಗಂಭೀರವಾದುದು. ಭಾನುವಾರ ಬೆಳಿಗ್ಗೆ ಕನ್ನಡ ತರಗತಿ, ಬಳಿಕ ಸಂಗೀತ ಪಾಠ, ಸಂಜೆ ಟ್ಯೂಷನ್ ಎಂಬ ಮೂರು ಸೆರೆಗಳಲ್ಲಿ ಕಳೆದ ಮಗು ಹದಿನೈದು ತುಂಬುವಷ್ಟರಲ್ಲಿ ಮೊದಲು ಕೈಬಿಡುವುದು ಕನ್ನಡವನ್ನೇ. ಈ ಮೂರನ್ನೂ ಬಯಲು ಒಂದುಗೂಡಿಸಬಲ್ಲುದು. ಫೆಬ್ರವರಿ ಮಾರ್ಚ್‌ಗಳಲ್ಲಿ ರಸ್ತೆಯ ಬದಿ ಕೆಂಪಾಗಿ ಅರಳುವ ಸೇಮಲ್ ಮರವೇ ಅಜ್ಜಿ ಹೇಳುವ ಬೂರುಗ. ಢಾಕ್ ಎಂದರೆ ಅಜ್ಜಿಯ ಊಟದ ಎಲೆಯ ಮುತ್ತುಗ. ಮೇ ತಿಂಗಳಲ್ಲಿ ಹಳದಿ ಗೊಂಚಲು ಸುರಿಸುವ ಅಮಲ್ತಾಸ್ ನಮ್ಮ ಕಕ್ಕೆ. ಹೊಸದೆಹಲಿಯ ಸಾಲುಮರಗಳಿಂದ ಮಳೆಗಾಲದ ಆರಂಭದಲ್ಲಿ ಉದುರುವ ಜಾಮೂನ್ ನಮ್ಮ ನೇರಳೆ. ಪಾರ್ಕಿನ ಬೇಲಿಯ ಮೇಲೆ ಕುಳಿತ ಹಕ್ಕಿಗಳು ಪಿಕಳಾರ, ಗೊರವಂಕ, ಮಡಿವಾಳ. ಓಖ್ಲಾದ ನೀರಿನ ಬಳಿ ಮಿಂಚುಳ್ಳಿ, ಬೆಳ್ಳಕ್ಕಿ. ಪರಕೀಯವೆಂದುಕೊಂಡ ನೆಲದಲ್ಲಿ ಇಷ್ಟೊಂದು ಕನ್ನಡದ ಹೆಸರುಗಳು ನಡೆದಾಡುವ ಕಾಲಿಗೆ ಸಿಗುತ್ತವೆ. ಪಠ್ಯಪುಸ್ತಕದಲ್ಲಿ ಓದಿದ ಪದವನ್ನು ಮಗು ಮರೆಯಬಹುದು. ಕಣ್ಣಾರೆ ಕಂಡು ಬೆರಳಿಟ್ಟು ತೋರಿದ ಪದವನ್ನು ಮರೆಯುವುದಿಲ್ಲ. ಆ ಹಕ್ಕಿಯನ್ನು ಕುರಿತು ನಾಲ್ಕು ಸಾಲು ಬರೆದರೆ ಅದೇ ಮುಂದಿನ ಸಂಚಿಕೆಗೆ ಲೇಖನ.

ಕಡ್ಡಾಯ ರಜೆಯ ನಿಯಮ

ಋತುವನ್ನು ಹಂಚಿಕೊಂಡರೆ ಸಾಲದು, ಹೊರೆಯನ್ನೂ ಹಂಚಿಕೊಳ್ಳಬೇಕು. ಬ್ಯಾಂಕುಗಳಲ್ಲಿ ಭದ್ರಕೋಶದ ಕೀಲಿಗಳು ಎಂದೂ ಒಬ್ಬನ ಕೈಯಲ್ಲಿರುವುದಿಲ್ಲ. ಇಬ್ಬರ ಜಂಟಿ ಸುಪರ್ದಿನಲ್ಲಿರುತ್ತವೆ. ಅಲ್ಲದೆ ಸೂಕ್ಷ್ಮ ಹುದ್ದೆಗಳಲ್ಲಿರುವವರು ವರ್ಷದಲ್ಲಿ ಒಮ್ಮೆ ಕನಿಷ್ಠ 10 ಕೆಲಸದ ದಿನಗಳ ರಜೆಯನ್ನು ಮುಂಚಿತವಾಗಿ ತಿಳಿಸದೆಯೇ ಕಡ್ಡಾಯವಾಗಿ ಪಡೆಯುವಂತೆ ನೋಡಿಕೊಳ್ಳಬೇಕೆಂದು ಭಾರತೀಯ ರಿಜರ್ವ್ ಬ್ಯಾಂಕು 2021ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಅದರ ಮುಖ್ಯ ಉದ್ದೇಶ ಅಕ್ರಮಗಳನ್ನು ತಡೆಯುವುದಾದರೂ ಅದರಿಂದ ದೊರೆಯುವ ಇನ್ನೊಂದು ಲಾಭ ದೊಡ್ಡದು: ಒಬ್ಬನಿಲ್ಲದಿದ್ದರೂ ಕೆಲಸ ನಡೆಯುವುದನ್ನು ಉಳಿದವರು ಕಲಿಯುತ್ತಾರೆ.

ಸಂಘ ಸಂಸ್ಥೆಗಳೂ ಇದನ್ನು ಅಳವಡಿಸಿಕೊಳ್ಳಬಹುದು. ಪ್ರತಿಯೊಂದು ಹೊಣೆಗೂ ಹಿರಿಯರೊಬ್ಬರು, ಕಿರಿಯರೊಬ್ಬರು ಜೋಡಿಯಾಗಿರಲಿ. ಹಿರಿಯರು ವರ್ಷದಲ್ಲಿ ಒಂದು ತಿಂಗಳು ಕಡ್ಡಾಯವಾಗಿ ಬಿಡುವು ಪಡೆಯಲಿ. ಆ ತಿಂಗಳು ಅವರು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಹಾಡು ಕೇಳಲಿ, ಮೊಮ್ಮಕ್ಕಳ ಕೈಹಿಡಿದು ಉದ್ಯಾನದಲ್ಲಿ ನಡೆಯಲಿ. ಕಿರಿಯರು ಮಾಡುವ ಕೆಲಸದಲ್ಲಿ ಕೊರತೆಯಿದ್ದೀತು. ಆ ಕೊರತೆಯನ್ನು ಸಹಿಸುವುದೇ ಹಿರಿತನ. ಇಪ್ಪತ್ತು ವರ್ಷ ಒಬ್ಬರೇ ಅಚ್ಚುಕಟ್ಟಾಗಿ ನಡೆಸಿ ಕೊನೆಗೆ ಕೈಚೆಲ್ಲುವುದಕ್ಕಿಂತ, ಹತ್ತು ಜನ ಅಷ್ಟಿಷ್ಟು ತಪ್ಪುಗಳೊಡನೆ ಐವತ್ತು ವರ್ಷ ನಡೆಸುವುದು ಮೇಲು.

ಆಟವೂ ಬೇಕು, ಕೂಟವೂ ಬೇಕು. ಎರಡಕ್ಕೂ ಅದರದರ ಕಾಲ ಬೇಕು. ಬರವಣಿಗೆ, ರಂಗ, ಹಾಡು, ನಡಿಗೆ ಇವು ಒಂದನ್ನೊಂದು ನೂಕಾಡುವ ಪ್ರಯಾಣಿಕರಲ್ಲ, ಒಂದೇ ದೋಣಿಗೆ ಸರದಿಯಂತೆ ಹುಟ್ಟು ಹಾಕುವ ಸಂಗಾತಿಗಳು. ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸಲು ಕುಳಿತುಕೊಳ್ಳುವ ಪದಾಧಿಕಾರಿಗಳು ಹಬ್ಬಗಳ ತಾರೀಖುಗಳ ಪಕ್ಕದಲ್ಲಿ ಋತುಗಳ ಹೆಸರನ್ನೂ ಬರೆದುಕೊಳ್ಳಲಿ, ಪ್ರತಿ ಹೊಣೆಯ ಮುಂದೆ ಎರಡೆರಡು ಹೆಸರುಗಳಿರಲಿ, ಫೆಬ್ರವರಿಯ ಒಂದು ಭಾನುವಾರ ಬೂರುಗದ ಮರದಡಿಯ ಗೋಷ್ಠಿಗೆ ಮೀಸಲಾಗಿರಲಿ ಎಂದು ಹಾರೈಸೋಣ.